ಉಲ್ಟಾ ನಟ್ಟು

ಅಪ್ಪಾ,

ನಿಮ್ಮ ಹಳೇ ಕೆಂಪು ಸ್ಪೋರ್ಟ್ಸ್ ಕಾರಿಗೆ ಗಿಳಿಹಸಿರು ಹೊಡೆಯುತ್ತಿದ್ದೇನೆ. ನೀವಿದ್ದಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಲಿ ಎಂದೇ ಆರಿಸಿದ್ದು.

ಹನ್ನೆರಡು ವರ್ಷದವಳಿದ್ದಾಗ ಎಡಚಕ್ರದ ಬೋಲ್ಟು ಮುರಿದೆನೆಂದು "ನೀನು ಕೈಯಿಟ್ಟಿದ್ದೆಲ್ಲ ಹಾಳು ಕಣೇ, ಆಚೆ ನಡಿ!" ಎಂದು ಗ್ಯಾರೇಜಿನಿಂದ ದಬ್ಬಿದಿರಿ. ಮತ್ತೆ ಒಳಗೆ ಸೇರಿಸಲೇ ಇಲ್ಲ. ಆ ಬದಿಯ ನಟ್ಟುಗಳು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ ಎಂದು ಬೇರೆಯವರ ಗ್ಯಾರೇಜಿನಲ್ಲಿ ಕಲಿತೆ. ನೀವೇ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಇವತ್ತು ಆ ಚಕ್ರ ಬಿಚ್ಚಲು ಕೂತರೆ, ನಟ್ಟಿನ ಪಕ್ಕದಲ್ಲಿ ಬಲಕ್ಕೆ ತಿರುಗಿದ ಪುಟ್ಟ ಬಿಳಿ ಬಾಣ. ಬರೆದಿದ್ದು ನಿಮ್ಮದೇ ಕೈ. ಅಂದು ಅದು ಇರಲಿಲ್ಲ. ಕಣ್ಣು ಮುಚ್ಚಿಕೊಂಡು ನಟ್ಟು ಬಿಚ್ಚುತ್ತಿದ್ದ ನಿಮಗೆ ಬಾಣ ಯಾಕೆ ಬೇಕಿತ್ತು?

ಬಾಯಿಗೇನಾಗಿತ್ತು ನಿಮಗೆ?

ಆ ಚಕ್ರಕ್ಕೂ ಹಸಿರೇ ಹೊಡೆದೆ. ಬಾಣದ ಮೇಲೆ ಮಾತ್ರ, ಬಣ್ಣ ತಾಗದಂತೆ, ಮೊದಲೇ ಟೇಪು ಅಂಟಿಸಿದ್ದೆ.