ಗಾಳಿ ನೋಡಿಕೊಳ್ಳುವವಳು

ನನ್ನ ಸೈಕಲ್ ಸೊಸೆಗೆ,

ಅತ್ತೆ ಪತ್ರ ಬರೆದಿದ್ದಾಳೆ ಎಂದ ಕೂಡಲೇ ಗಾಬರಿ ಬೀಳಬೇಡ, ಮನೆಯಲ್ಲಿ ಎಲ್ಲ ನೆಟ್ಟಗಿದೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, 'ಹಾಲು ಉಕ್ತಾ ಇದೆ, ಇಡ್ತೀನಿ' ಎಂದೆನಲ್ಲ, ಒಲೆಯ ಮೇಲೆ ಹಾಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಈಗ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಹಾಳೆ ಹರಡಿಕೊಂಡು ಕೂತಿದ್ದೇನೆ.

'ಬೀಳೋಕೆ ನಂಗೆ ಭಯ ಇಲ್ಲ ಅತ್ತೆ. ಆದ್ರೆ ಆ ಕಲ್ಲುದಾರಿ ಬಂದಾಗ ಹೆದರಿ ಬ್ರೇಕ್ ಹಿಡಿದ್ಬಿಟ್ರೆ, ನನ್ನ ಹಿಂದೆ ಇರೋರೆಲ್ಲ ಬೀಳ್ತಾರೆ. ಈ ಸಲ ಹೋಗ್ಲಾ, ಬೇಡ್ವಾ? ನೀವೇ ಹೇಳಿ' ಎಂದೆ ನೀನು. ವಸಂತದ ಮೊದಲ ದೊಡ್ಡ ರೇಸು. ಹೋದ ವರ್ಷ ನೀನು ಇದೇ ರೇಸಿನಲ್ಲಿ, ಇದೇ ಕಲ್ಲುದಾರಿಯಲ್ಲಿ ಬಿದ್ದು ಎಡಭುಜದ ಮೂಳೆ ಮುರಿದುಕೊಂಡೆ. ಡಾಕ್ಟರು ಸರಿ ಎಂದಿದ್ದಾರೆ, ಕೋಚು ನಿನ್ನಿಷ್ಟ ಎಂದಿದ್ದಾರೆ. ಎಲ್ಲರೂ ಜಾರಿಕೊಂಡ ಮೇಲೆ ಪ್ರಶ್ನೆ ಬಂದು ನನ್ನ ಹೊಲಿಗೆ ಯಂತ್ರದ ಮುಂದೆ ಕೂತಿದೆ.

ನಿನ್ನ ಗಂಡನೂ ಬಂದಿದ್ದ. ತನ್ನ ಕನ್ನಡಕದಂಗಡಿ ಮುಚ್ಚಿ ನೇರ ಇಲ್ಲಿಗೇ ಬಂದು, 'ಅಮ್ಮ, ಬೇಡ ಅಂತ ಬರಿ. ನಾನು ಹೇಳಿದ್ರೆ ಜಗಳ ಆಗುತ್ತೆ, ನೀನು ಹೇಳಿದ್ರೆ ಕೇಳ್ತಾಳೆ' ಎಂದ. ಹೂಂ ಎಂದೆ. ಹಾಗಾಗಿ ಇದು 'ಬೇಡ' ಎಂದು ಬರೆಯಬೇಕಾಗಿದ್ದ ಪತ್ರ. ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡೋಣ, ನನ್ನ ಬಾಯಿಯ ಹಾಗೆಯೇ ನನ್ನ ಪೆನ್ನಿಗೂ ಲಗಾಮಿಲ್ಲ.

ನೀನು ಮೊದಲ ಸಲ ಮನೆಗೆ ಬಂದ ದಿನ ನೆನಪಿದೆಯೇ? 'ತಂಡದಲ್ಲಿ ನಿಂದೇನಮ್ಮ ಕೆಲಸ?' ಎಂದು ಕೇಳಿದ್ದೆ. 'ಗಾಳಿ ನೋಡ್ಕೊಳ್ಳೋದು' ಎಂದೆ ನೀನು. ಅಯ್ಯೋ ಪಾಪ, ಇಷ್ಟು ಲಕ್ಷಣವಾದ ಹುಡುಗಿಗೆ ಚಕ್ರಕ್ಕೆ ಗಾಳಿ ಹೊಡೆಯುವ ಕೆಲಸವೇ ಎಂದು ಒಳಗೊಳಗೇ ಮರುಗಿದೆ. ಆದರೂ ಬಿಟ್ಟುಕೊಡಲಿಲ್ಲ. ಬಂದ ಗಿರಾಕಿಗಳಿಗೆಲ್ಲ, 'ನಮ್ಮ ಸೊಸೆ ಆಗೋಳು ದೊಡ್ಡ ಸೈಕಲ್ ತಂಡದಲ್ಲಿ ಗಾಳಿ ವಿಭಾಗ ನೋಡ್ಕೊಳ್ತಾಳೆ' ಎಂದು ಹೇಳಿಕೊಂಡು ಬಂದೆ. ಆಮೇಲೆ ಟೀವಿಯಲ್ಲಿ ರೇಸು ಬಂತು. ಪಕ್ಕದಂಗಡಿಯ ಬೀಗ ರಿಪೇರಿಯವರು ನೋಡಿದವರೇ, 'ಅಲ್ಲಮ್ಮಾ, ನಿಮ್ಮ ಸೊಸೆ ಎಲ್ಲರಿಗಿಂತ ಮುಂದೆ ತುಳೀತಿದಾಳಲ್ಲ, ಪಂಪ್ ಎಲ್ಲಿಟ್ಕೊಂಡಿದಾಳೆ?' ಎಂದರು. ಇವತ್ತಿಗೂ ಆ ಮನುಷ್ಯ ಸಿಕ್ಕಾಗೆಲ್ಲ ಪಂಪು ಕ್ಷೇಮವೇ ಎಂದೇ ಕೇಳುವುದು.

ಅವತ್ತೇ ನನಗೆ ಗೊತ್ತಾದದ್ದು, ಮುಂದೆ ಹೋಗುವವರು ಗಾಳಿಯನ್ನೆಲ್ಲ ಮೈಮೇಲೆ ಹಾಕಿಕೊಂಡರೆ ಹಿಂದಿನವರಿಗೆ ಎಷ್ಟೋ ಶ್ರಮ ಉಳಿಯುತ್ತದೆ ಎಂದು. ನಿಮ್ಮ ಕ್ಯಾಪ್ಟನ್ ನಿನ್ನ ಬೆನ್ನಿಗಂಟಿಕೊಂಡು ಬಂದು, ಕೊನೆಯಲ್ಲಿ ಉಳಿಸಿಟ್ಟ ಶಕ್ತಿಯನ್ನೆಲ್ಲ ಸುರಿದು ಗೆಲ್ಲುತ್ತಾಳೆ. ಅಷ್ಟು ಹೊತ್ತಿಗೆ ನಿನ್ನ ಕಾಲು ಖಾಲಿಯಾಗಿ, ನೀನು ಪಕ್ಕಕ್ಕೆ ಸರಿದಿರುತ್ತೀಯ. ಕ್ಯಾಮೆರಾದವನು ಅವರ ಜೊತೆ ಹೊರಟೇಹೋಗುತ್ತಾನೆ. 'ಲೋ, ಹಿಂದೆ ತಿರುಗಿಸೋ, ನಮ್ಮ ಹುಡುಗಿ ಅಲ್ಲಿ ಉಳಿದುಬಿಟ್ಟಳು!' ಎಂದು ಟೀವಿಗೆ ಕೂಗಿದೆ. ಅವನಿಗೆ ಕೇಳಬೇಕಲ್ಲ!

ಅಲ್ಲಿಂದ ಶುರುವಾಯಿತು ನನ್ನ ಪ್ರಶ್ನೆಗಳ ಕಾಟ. ಅಷ್ಟು ಹೊತ್ತು ತುಳಿಯುವವರು ಉಣ್ಣುವುದು ಯಾವಾಗ? ಬಾಟಲಿಗಳನ್ನೆಲ್ಲ ಅಂಗಿಯ ಬೆನ್ನಿಗೆ ತುರುಕಿಕೊಂಡು ಗೂನು ಬಂದವರ ಹಾಗೆ ಹೋಗುತ್ತೀಯಲ್ಲ, ತಂದುಕೊಟ್ಟದ್ದಕ್ಕೆ ನಿಮ್ಮ ಕ್ಯಾಪ್ಟನ್ ಒಂದು ಒಳ್ಳೆಯ ಮಾತಾದರೂ ಆಡುತ್ತಾಳೋ ಇಲ್ಲವೋ? ಕಾಲಿನ ಕೂದಲು ತೆಗೆಯುವುದು ಚಂದಕ್ಕೋ ಎಂದರೆ, ಬಿದ್ದಾಗ ಗಾಯ ತೊಳೆಯುವುದು ಸುಲಭವಾಗಲಿ ಅಂತ ಎಂದೆ ನೀನು. ಬೀಳುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಸಿದ್ಧವಾಗುತ್ತಾರಲ್ಲ, ಇವರನ್ನು ಹೆತ್ತವರು ಏನು ತಿಂದು ಹೆತ್ತರೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಇದ್ದದ್ದು ಬೇರೆ. ನಿನ್ನ ಕೆಲಸ ಮುಗಿದು, ಎಲ್ಲರೂ ಮುಂದೆ ಹೋಗಿ, ರಸ್ತೆಯಲ್ಲಿ ನೀನೊಬ್ಬಳೇ ಉಳಿದಾಗ ಏನು ಮಾಡುತ್ತೀಯ? ಕಾರು ಹತ್ತಿ ಬರಬಹುದಲ್ಲ? ಹೀಗೆ ಕೇಳಿದಾಗ, ನಾನೇನೋ ಮೊದ್ದು ಮಾತಾಡಿದೆ ಎನ್ನುವ ಹಾಗೆ ನೋಡಿ, 'ಮುಗಿಸ್ಬೇಕಲ್ಲ ಅತ್ತೆ' ಎಂದೆ. ಹೇಳಿದವಳೇ ನೀನು ತಟ್ಟೆ ತೊಳೆದಿಡಲು ಎದ್ದುಹೋದೆ.

ಹೋದ ವರ್ಷ ಬಿದ್ದಾಗಲೂ ಹಾಗೆಯೇ. ಒದ್ದೆ ಕಲ್ಲಿನ ಮೇಲೆ ಯಾರದೋ ಚಕ್ರ ಜಾರಿತು, ನಿಮ್ಮ ಗುಂಪೇ ರಾಶಿಬಿತ್ತು. ರಾಶಿಯ ಅಡಿಯಿಂದ ನೀನೆದ್ದು, ಒಂದು ಕೈ ನೇತಾಡುತ್ತಿದ್ದರೂ ಇನ್ನೊಂದು ಕೈಯಲ್ಲಿ ಸೈಕಲ್ ಎತ್ತಲು ನೋಡಿದೆ. ಎತ್ತಲಾಗಲಿಲ್ಲ. ಆಗ ಅತ್ತುಬಿಟ್ಟೆ ನೀನು. ಟೀವಿಯಲ್ಲಿ ನಾನದನ್ನು ಕಣ್ಣಾರೆ ಕಂಡೆ. ರಸ್ತೆಬದಿಯಲ್ಲಿ ಬಾಟಲಿ ಹಿಡಿದು ಕಾಯುತ್ತಿದ್ದ ನನ್ನ ಮಗ ಅದನ್ನು ಇನ್ನೂ ಹತ್ತಿರದಿಂದ ಕಂಡ. ಅವನು ಬೇಡ ಎನ್ನುವುದು ಸುಮ್ಮನೆ ಅಲ್ಲ ಕಣೇ. ನನಗೂ ಭಯವೇ. ನಿನ್ನ ಹರಿದ ಜೆರ್ಸಿ ಹೊಲಿಯಲು ಕೂತು, ಸೂಜಿಗೆ ದಾರ ಪೋಣಿಸಲಾಗದೆ ಎದ್ದುಹೋದವಳು ನಾನು.

ಈ ಚಳಿಗಾಲದ ರಜೆಯಲ್ಲಿ ನೀನು ನಮ್ಮ ನಡುಮನೆಯಲ್ಲಿ ಸೈಕಲನ್ನು ಸ್ಟ್ಯಾಂಡಿಗೆ ಕಚ್ಚಿಸಿ, ಮುಂದೆ ಟೇಬಲ್ ಫ್ಯಾನ್ ಇಟ್ಟು ತುಳಿಯುತ್ತಿದ್ದೆಯಲ್ಲ. ಎಲ್ಲಿಗೂ ಹೋಗದ ಸೈಕಲ್ ಮೇಲೆ ಇಷ್ಟೊಂದು ಬೆವರುವುದೇ ಎಂದು ನೆಲಕ್ಕೆ ಹಳೆಯ ಟವೆಲ್ ಹಾಸುತ್ತಾ ನೋಡುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ಫ್ಯಾನ್ ಗಾಳಿಗೆ ಜೆರ್ಸಿಯ ಬಲಗಡೆ ಮೈಗಂಟಿಕೊಂಡಿತ್ತು, ಎಡಗಡೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಹಾಕಿಕೊಳ್ಳಲು ಒಂದು ಅಂಗಿ ಹೊಲಿಯುತ್ತೇನೆ ಎಂದು ಸುಳ್ಳು ಹೇಳಿ ಟೇಪು ಹಿಡಿದೆ. ಮೂಳೆ ಕೂಡಿಕೊಂಡಿದೆ, ಆದರೆ ಎಡಭುಜ ಒಂದು ಬೆರಳಿನಷ್ಟು ಚಿಕ್ಕದಾಗಿದೆ. ಹೇಳಿದರೆ ನೊಂದುಕೊಳ್ಳುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ಹೋಗುವಾಗ ನೀನು ಜಿಪ್ಪು ಕೈಕೊಟ್ಟಿದೆ ಎಂದು ಒಂದು ಜೆರ್ಸಿ ಬಿಟ್ಟುಹೋದೆ. ಅದು ಇಲ್ಲೇ, ಮೇಜಿನ ತುದಿಯಲ್ಲಿ ಮಡಚಿಟ್ಟಿದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. 'ಬೇಡ' ಎಂದು ಬರೆಯಲು ಇದೇ ಸರಿಯಾದ ಜಾಗ ಎನ್ನಿಸಿತು. ಬರೆಯುವ ಮೊದಲು ಜಿಪ್ಪೊಂದನ್ನು ಹಾಕಿಬಿಡೋಣ ಎಂದು ಜೆರ್ಸಿ ಎತ್ತಿಕೊಂಡೆ. ಜಿಪ್ಪಾಯಿತು. ಕೈ ಅಲ್ಲಿಗೆ ನಿಲ್ಲಲಿಲ್ಲ, ಎಡಭುಜದ ಹೊಲಿಗೆ ಬಿಚ್ಚತೊಡಗಿತು. ಹಿಗ್ಗುವ ಬಟ್ಟೆ, ಸುಮ್ಮನೆ ಬಗ್ಗುವುದಿಲ್ಲ. ತೆಳು ಸೂಜಿ ಹಾಕಿ, ಹಿಗ್ಗುವ ದಾರ ಹಾಕಿ, ಒಂದು ಬೆರಳಿನಷ್ಟು ಒಳಗೆ ಹಿಡಿದೆ.

ಅಷ್ಟರಲ್ಲಿ ನಿನ್ನ ಗಂಡ ಅರ್ಧ ಬಾಗಿಲಿನಿಂದ ಬಗ್ಗಿ ಒಳಗೆ ಬಂದ. 'ಬರೆದ್ಯಾ?' ಎಂದ. ಆಮೇಲೆ ಯಂತ್ರದ ಕಡೆ ನೋಡಿದ. 'ಇದೇನಮ್ಮ?'

'ಭುಜ ಹಿಡೀತಿದೀನಿ' ಎಂದೆ. ಬೈಯುತ್ತಾನೆ ಎಂದುಕೊಂಡೆ. ಅವನು ಜೆರ್ಸಿಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ಕಣ್ಣೊರೆಸಿಕೊಂಡ. ಕೊನೆಗೆ, 'ಭುಜ ಸಾಲ್ದು ಅಮ್ಮ. ಕಂಕುಳ ಹತ್ರಾನೂ ಚೂರು ಹಿಡೀಬೇಕು. ಅಲ್ಲೂ ಹೊಡ್ಕೊಳ್ತಿತ್ತು' ಎಂದ.

ನೋಡಿದೆಯಾ? ಅವನೂ ನೋಡುತ್ತಲೇ ಇದ್ದ! ಆ ನಡುಮನೆಯಲ್ಲಿ ನಾವಿಬ್ಬರೂ ನಿನ್ನ ಅದೇ ಭುಜವನ್ನು ನೋಡುತ್ತಾ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಚಳಿಗಾಲ ಕಳೆದಿದ್ದೇವೆ. ಕಂಕುಳ ಹತ್ತಿರವೂ ಹಿಡಿದೆ. ಅವನೇ ಪಕ್ಕದಲ್ಲಿ ನಿಂತು ದಾರದ ತುದಿಗಳನ್ನು ಕತ್ತರಿಸಿದ.

ಹೋಗಲಾ ಬೇಡವಾ ಎಂದು ನೀನು ಕೇಳಿದೆ. ನನಗೆ ಗೊತ್ತಿಲ್ಲ ಮಗಳೇ. ಆ ಕಲ್ಲಿನ ಮೇಲೆ ನಿನ್ನ ಕೈ ಬ್ರೇಕು ಹಿಡಿಯುತ್ತದೋ ಬಿಡುತ್ತದೋ, ಅದು ನಿನ್ನ ಕೈಗೇ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ, ಈ ಜೆರ್ಸಿ ಇನ್ನು ಹೊಡೆದುಕೊಳ್ಳುವುದಿಲ್ಲ. ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲು. ಹೊರಡಬೇಕು ಎನ್ನಿಸಿದರೆ ಹೊರಡು. ಬಿಚ್ಚಿಡಬೇಕು ಎನ್ನಿಸಿದರೆ ಬಿಚ್ಚಿಟ್ಟು ಮನೆಗೆ ಬಾ. ಇದನ್ನು ನಾನು ಹೊಲಿದದ್ದು ನಿನ್ನ ಅಳತೆಗೆ, ರೇಸಿನ ಅಳತೆಗಲ್ಲ.

ಪತ್ರ, ಜೆರ್ಸಿ ಎರಡನ್ನೂ ಅವನೇ ತರುತ್ತಿದ್ದಾನೆ. ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ ಎಂದುಕೊಂಡಿದ್ದಾನೆ. ಬೀಗದವರು ಆಗಲೇ ಬಂದು ಕೇಳಿದರು, 'ಏನಂತೆ ಪಂಪು?' ನಾನು ನೆಟ್ಟಗೆ ನಿಂತು, 'ನಮ್ಮ ಸೊಸೆ ಗಾಳಿ ನೋಡ್ಕೊಳ್ತಾಳೆ' ಎಂದೆ. ಈ ಸಲ ಅವರು ನಗಲಿಲ್ಲ.

ಎಲ್ಲಿದ್ದರೂ ಮೈಕೈ ಗಟ್ಟಿಯಾಗಿರಲಿ, ನೂರು ಕಾಲ ಬಾಳು. ನೀನು ಮುಂದಿದ್ದರೂ ಸರಿ, ಹಿಂದುಳಿದು ಒಬ್ಬಳೇ ಮುಗಿಸುತ್ತಿದ್ದರೂ ಸರಿ, ಕ್ಯಾಮೆರಾದವನು ತೋರಿಸದಿದ್ದರೂ ನಿನ್ನನ್ನೇ ನೋಡುತ್ತಿರುವ

ನಿನ್ನ ಅತ್ತೆ