ಒದ್ದೆ ಸೌಟು

ಡೊಂಬಿವಲಿ ಎಂಐಡಿಸಿ,
೨೬ ಮೇ ೧೯೮೫, ಭಾನುವಾರ

ಮುಕ್ತಾಳ ಅಪ್ಪಯ್ಯನವರಿಗೆ,

ವಾರಿಜಾ ಮಾಡುವ ನಮಸ್ಕಾರ. ನಾನು ಕ್ಷೇಮ, ಮುಕ್ತಾ ಕ್ಷೇಮ, ಹಿತ್ತಿಲಿನ ತೊಂಡೆ ಚಪ್ಪರವೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬೇಕಾಗಿಲ್ಲ. ನಿಮ್ಮ ಹೋಟೆಲಿನ ಗಲ್ಲೆಯಲ್ಲಿ ಕೂರುವ ಲೀಲಾಧರನ ಮನೆ ಇಲ್ಲಿ ನಮ್ಮ ಹಿಂದಿನ ಸಾಲಿನಲ್ಲೇ ಇದೆ, ಕೇಳದಿದ್ದರೂ ಎಲ್ಲ ಹೇಳುತ್ತಾನೆ.

ನಿಮ್ಮ ಇನ್‌ಲ್ಯಾಂಡ್ ಮೊನ್ನೆ ಬಂತು. ಮೂರು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ಓದಿ ಸಾಸಿವೆ ಡಬ್ಬದ ಅಡಿ ಇಟ್ಟೆ, ತೆಗೆದು ಮತ್ತೆ ಓದಿದೆ. ಮುಕ್ತಾ ದೊಡ್ಡವಳಾದ ಸುದ್ದಿ ಅತ್ತೆಯ ಕಿವಿಗೆ ಬಿದ್ದಿದೆಯಂತೆ. ಇನ್ನು ಅವಳು ಮಡಿ ಮೈಲಿಗೆ ಗೊತ್ತಿರುವ ಮನೆಯಲ್ಲಿ ಬೆಳೆಯಬೇಕಂತೆ, ಶಾಲೆ ಶುರುವಾಗುವ ಮೊದಲು ಠಾಣೆಯ ನಿಮ್ಮ ಮನೆಗೆ ಕಳಿಸಬೇಕಂತೆ. ನಾನೂ ಬರಬಹುದಂತೆ, ಆದರೆ ಆ ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ಅತ್ತೆಯ ಕಾಲು ಹಿಡಿದು ತಪ್ಪಾಯಿತು ಎನ್ನಬೇಕಂತೆ. ಕೊನೆಗೆ ಜಾಗ ಉಳಿದಿತ್ತೆಂದು ಕಾಣುತ್ತದೆ, ಲೀಲಾಧರ ಎಲ್ಲಿಂದಲೋ ತಂದುಕೊಟ್ಟ ಬಿಂಬುಳಿ ಉಪ್ಪಿನಕಾಯಿಯನ್ನು ಹೊಗಳಿದ್ದೀರಿ. ಹಾಕಿದವಳು ಯಾರೋ ಬಲು ಮಡಿಯ ಹೆಂಗಸೇ ಇರಬೇಕು, ಕೈಗುಣ ಅಂದರೆ ಅದು ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರಂತೆ. ಸಂತೋಷ.

ನನ್ನ ಉತ್ತರ ಇನ್‌ಲ್ಯಾಂಡಿನಲ್ಲಿ ಹಿಡಿಯುವುದಿಲ್ಲ. ಮುಕ್ತಾಳ ಪಟ್ಟಿ ಪುಸ್ತಕದಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ.

ಮೊದಲು ಭರಣಿ. ಆ ವರ್ಷ ಊರಿನಿಂದ ಬಂದ ಮಾವಿನ ಮಿಡಿಯನ್ನು ಅತ್ತೆಯೂ ನಾನೂ ಸೇರಿ ದೊಡ್ಡ ಭರಣಿಗೆ ಹಾಕಿದ್ದೆವು. ಹೋಟೆಲಿನ ಮೇಲಿನ ನಮ್ಮ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಹೊರಗಾದಾಗ ನಾನು ಕೂರುತ್ತಿದ್ದದ್ದು ಎಲ್ಲರೂ ಓಡಾಡುವ ಬಾಗಿಲ ಮುಂದಿನ ಗ್ಯಾಲರಿಯಲ್ಲಿ, ಎಲ್ಲರ ಚಪ್ಪಲಿಗಳ ಪಕ್ಕ. ನಾನು ಅಲ್ಲಿ ಕೂತೆನೆಂದರೆ ವಿಷಯ ಏನೆಂದು ಇಡೀ ಚಾಳಿಗೆ ಗೊತ್ತು, ಹಾಲಿನ ಭಯ್ಯಾನಿಗೂ ಗೊತ್ತು. ತಲೆ ತಗ್ಗಿಸಿ ಕೂರುತ್ತಿದ್ದೆ ಎಂದು ನೀವು ತಿಳಿದಿದ್ದಿರಿ. ಇಲ್ಲ. ನನ್ನ ಪಕ್ಕದಲ್ಲೇ ಅಡುಗೆಮನೆಯ ಕಿಟಕಿಯಿತ್ತು, ಅದರಿಂದ ನೋಡಿದರೆ ನೆಟ್ಟಗೆ ಭರಣಿ ಇಟ್ಟ ಮೂಲೆಯೇ ಕಾಣುತ್ತಿತ್ತು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಕೆಳಗೆ ಊಟದ ರಶ್. ನೀವು ಮೆಟ್ಟಿಲು ಹಾರುತ್ತ ಬಂದಿರಿ, ಯಾರೋ ಬೇಕಾದ ಗಿರಾಕಿ ಮಿಡಿ ಕೇಳಿರಬೇಕು. ನಿಮ್ಮ ಕೈಯಲ್ಲಿ ಸಾಂಬಾರಿನ ಸೌಟು, ಆಗಷ್ಟೇ ನೀರಿನಲ್ಲಿ ಜಾಲಿಸಿ ತಂದದ್ದು, ಇನ್ನೂ ತೊಟ್ಟಿಕ್ಕುತ್ತಿತ್ತು. ಒಣ ಮರದ ಸೌಟು ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ನೀವು ಭರಣಿಯ ಬಟ್ಟೆ ಬಿಚ್ಚಿ ಆ ಒದ್ದೆ ಸೌಟನ್ನೇ ಒಳಗೆ ಮುಳುಗಿಸಿದಿರಿ, ಮಿಡಿ ತೆಗೆದು ಬಟ್ಟೆಯನ್ನು ಹೇಗೋ ಸುತ್ತಿ ಓಡಿದಿರಿ. ನಾನು ನೋಡಿದ್ದು ನಿಮಗೆ ಗೊತ್ತಿಲ್ಲ. ಇವತ್ತು ಗೊತ್ತಾಗಲಿ.

ಮುಂದಿನ ವಾರ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬೂಷ್ಟು. ಅತ್ತೆ ನನ್ನನ್ನು ದೇವರ ಮುಂದೆ ನಿಲ್ಲಿಸಿ, ಹೊರಗಾದ ಕೈಯಲ್ಲಿ ಭರಣಿ ಮುಟ್ಟಿದೆಯಾ ಇಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು. ನಾನು ನಿಮ್ಮ ಮುಖ ನೋಡಿದೆ. ನೀವು ನೆಲ ನೋಡುತ್ತ, ಹೋಗಲಿ ಮಾರಾಯ್ತಿ, ತಪ್ಪಾಯ್ತು ಅಂತ ಹೇಳಿಬಿಡು, ಗಲಾಟೆ ಯಾಕೆ ಎಂದಿರಿ. ಅತ್ತೆ ತಾವು ನಂಬಿದ್ದನ್ನು ಹೇಳಿದರು, ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನನಗೆ ಉರಿದದ್ದು ನಿಮ್ಮ ಮೇಲೆ, ಈಗಲೂ ಉರಿಯುತ್ತದೆ. ಮುಕ್ತಾಳ ಕೈ ಹಿಡಿದು ಕಲ್ಯಾಣ ಲೋಕಲ್ ಹತ್ತಿದ್ದು ಬೂಷ್ಟಿಗಾಗಿ ಅಲ್ಲ ಎಂಬುದು ನಿಮಗೂ ಗೊತ್ತಿರಬೇಕು.

ಪುಂಡರೀಕಾಕ್ಷಣ್ಣ ಒಡಹುಟ್ಟಿದವನು, ಒಂದು ಮಾತೂ ಕೇಳದೆ ಒಳಗಿನ ಕೋಣೆ ಬಿಟ್ಟುಕೊಟ್ಟ. ಮನೆಯ ಹಿಂದೆ ಒಂದು ಪಟ್ಟಿ ಮಣ್ಣಿತ್ತು, ಪೂರಾ ಕಲ್ಲು. ಗಾಳಿ ತಿರುಗಿದ ದಿನ ಕಂಪನಿಗಳ ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ, ಎಲೆಯ ಮೇಲೆ ಕೂತದ್ದನ್ನು ತೊಳೆಯಬೇಕು. ಇಲ್ಲೇನು ಬೆಳೆಯುತ್ತೀಯ ಎಂದು ಅಣ್ಣ ನಕ್ಕ. ಈಗ ತೊಂಡೆ, ಹಾಗಲ, ಗಾಂಧಾರಿ ಮೆಣಸು ಇದೆ. ಮೂಲೆಯ ಬಿಂಬುಳಿ ಮರವಂತೂ ಬುಡದಿಂದಲೇ ಕಾಯಿ ಬಿಡುತ್ತದೆ, ಬೇಡ ಎಂದರೂ ಕೇಳುವುದಿಲ್ಲ. ಎಲ್ಲವನ್ನೂ ಉಪ್ಪಿಗೆ ಹಾಕುತ್ತೇನೆ. ಹಾರ್ಲಿಕ್ಸ್ ಬಾಟಲಿಗಳನ್ನು ಕುದಿಸಿ, ಬಿಸಿಲಲ್ಲಿ ಮಗುಚಿಟ್ಟು, ಒಳಗೆ ಬೆರಳಾಡಿಸಿ ಪಸೆ ಇಲ್ಲವೆಂದು ನೋಡಿ ತುಂಬುತ್ತೇನೆ. ಊರಿನ ರುಚಿ ಬೇಕೆಂದು ನಮ್ಮ ಕಡೆಯವರು ವಾಶಿಯಿಂದಲೂ ಬರುತ್ತಾರೆ.

ಕಾಯಿ ಹೆಚ್ಚಲು ಶರಣಬಸಮ್ಮ ಬರುತ್ತಾಳೆ. ಕಲಬುರಗಿ ಕಡೆಯವಳು, ಗಂಡನಿಗೆ ಇಲ್ಲೇ ಲೋಡಿಂಗ್ ಕೆಲಸ. ಶುರುವಿಗೆ, ಹೊರಗಾದ ದಿನ ಬರಬೇಡ ಎಂದು ನಾನೇ ಅವಳಿಗೆ ಹೇಳಹೊರಟಿದ್ದೆ ನೋಡಿ, ಅಭ್ಯಾಸ ಎಂಬುದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವಳು ಕತ್ತಿ ಕೆಳಗಿಟ್ಟು, "ಯಕ್ಕಾ, ಕಟ್ಟಡದ ಮ್ಯಾಲ ಇಟ್ಟಂಗಿ ಹೊರುವಾಗ ಮೂರು ದಿನ ಸೂಟಿ ಯಾರ್ ಕೊಟ್ಟಾರ? ನಾ ಹೊತ್ತ ಇಟ್ಟಂಗೀಲೆ ಕಟ್ಟಿದ ಗ್ವಾಡಿ ಬಿದ್ದಾವೇನು?" ಎಂದಳು. ನಾನೇ ಕತ್ತಿ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಆ ದಿನವೂ ಹೆಚ್ಚಿದಳು, ನಾನೂ ನನ್ನ ಆ ದಿನಗಳಲ್ಲಿ ಬಾಟಲಿ ತುಂಬಿದೆ. ಒಂದು ಬಾಟಲಿಯೂ ಬೂಷ್ಟು ಹಿಡಿಯಲಿಲ್ಲ.

ಇನ್ನು ಮುಕ್ತಾ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ಬಚ್ಚಲಿನಿಂದ ಬಂದು ಬಾಗಿಲಲ್ಲೇ ನಿಂತಳು. ಮುಖ ಸಣ್ಣದಾಗಿತ್ತು. ನಾನು ಏನೂ ಕೇಳುವ ಮೊದಲೇ, "ಆಯೀ, ಮೀ ಕುಠೆ ಬಸೂ?" ಎಂದಳು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ. ಅಮ್ಮಾ, ನಾನು ಎಲ್ಲಿ ಕೂರಲಿ? ಮೈಯಲ್ಲಿ ಏನಾಗಿದೆ ಎಂದು ಅವಳು ಕೇಳಲಿಲ್ಲ, ನೋಯುತ್ತದೆ ಎನ್ನಲಿಲ್ಲ. ಚಪ್ಪಲಿಗಳ ಪಕ್ಕ ಕೂತ ನನ್ನನ್ನು ನೋಡುತ್ತ ಬೆಳೆದವಳು ಬೇರೇನು ಕೇಳಿಯಾಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಅವಳನ್ನು ಎಲ್ಲಿ ಕೂರಿಸಿದೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ, ಸ್ವಲ್ಪ ಕಾಯಿರಿ. ನಾನು ಮೂರು ವರ್ಷ ಕಾದಿದ್ದೇನೆ.

ಹಾಗಾಗಿ ಕೇಳಿ. ಮುಕ್ತಾ ಠಾಣೆಗೆ ಬರುವುದಿಲ್ಲ. ಅವಳ ಶಾಲೆ ಇಲ್ಲಿದೆ, ಗೆಳತಿಯರು ಇಲ್ಲಿದ್ದಾರೆ, ಕೂರಲು ಜಾಗವೂ ಇಲ್ಲಿದೆ. ಗ್ಯಾಲರಿಯ ಆ ಮೂಲೆಗೆ ನನ್ನ ಮಗಳನ್ನು ಕೊಡುವುದಿಲ್ಲ. ಬೇಕಾದರೆ ಅಲ್ಲೊಂದು ಚಪ್ಪಲಿ ಸ್ಟ್ಯಾಂಡ್ ಮಾಡಿಸಿ, ಜಾಗಕ್ಕೆ ಅದೇ ಸರಿ. ಕಾಲು ಹಿಡಿಯುವ ಮಾತನ್ನು ನನಗೆ ಇನ್ನೊಮ್ಮೆ ಬರೆಯಬೇಡಿ. ಹಿಡಿಯಲೇಬೇಕು ಎಂದಿದ್ದರೆ ನಿಮ್ಮ ಅಮ್ಮ ನಿಮ್ಮ ಪಕ್ಕದಲ್ಲೇ ಇದ್ದಾರೆ, ಬಗ್ಗಿದರೆ ಸಾಕು.

ಬಾಗಿಲು ಹಾಕಿಕೊಂಡಿದ್ದೇನೆ ಎಂದು ತಿಳಿಯಬೇಡಿ. ಸೌಟಿನ ವಿಷಯವನ್ನು ಅತ್ತೆಯ ಮುಂದೆ ನಿಮ್ಮ ಬಾಯಾರೆ ಹೇಳಿ, ಆಮೇಲೆ ಬನ್ನಿ. ಸ್ಟೇಷನ್ನಿನಿಂದ ರಿಕ್ಷಾದವನಿಗೆ ನೀರಿನ ಟಾಂಕಿಯ ಹತ್ತಿರ ಎಂದರೆ ಸಾಕು. ಮುಕ್ತಾ ನಿಮ್ಮ ಹಾಗೆಯೇ ನಗುತ್ತಾಳೆ, ಅದನ್ನು ನೀವು ನೋಡದೆ ಇರುವುದು ನನಗೂ ಸಂಕಟವೇ. ಆದರೆ ಹೇಳದೆ ಮಾತ್ರ ಬರಬೇಡಿ. ನನ್ನ ಬಾಯಿಂದ ತಪ್ಪಾಯಿತು ಎಂಬ ಮಾತು ಬಂದರೆ ನಾಳೆ ಅದು ನನ್ನ ಮಗಳ ತಲೆಯ ಮೇಲೆ ಬೀಳುತ್ತದೆ. ಅದಕ್ಕೇ ಅದು ಬರುವುದಿಲ್ಲ.

ಅತ್ತೆಗೆ ಮಂಡಿ ನೋವು ಎಂದು ಕೇಳಿದೆ. ಬಿಸಿನೀರಿನ ಶಾಖ ಕೊಡಿ.

ಇಂತು,
ತಪ್ಪು ಮಾಡದ
ವಾರಿಜಾ

ತಾ.ಕ.: ನೀವು ಹೊಗಳಿದ ಬಿಂಬುಳಿ ನಮ್ಮ ಹಿತ್ತಿಲಿನದೇ. ಲೀಲಾಧರನನ್ನು ಬೈಯಬೇಡಿ, ಯಾರ ಮನೆಯದೆಂದು ಹೇಳಬೇಡ ಎಂದು ಆಣೆ ಹಾಕಿಸಿದ್ದು ನಾನು. ಆದರೆ ಅದನ್ನು ಹಾಕಿದವಳು ನಾನಲ್ಲ. ಆ ಬೆಳಿಗ್ಗೆ ಮೊರದ ತುಂಬ ಬಿಂಬುಳಿ ಕೊಯ್ದಿಟ್ಟಿದ್ದೆ. ಎಲ್ಲಿ ಕೂರಲಿ ಎಂದವಳಿಗೆ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಇಲ್ಲಿ ನನ್ನ ಪಕ್ಕ ಕೂರು ಎಂದೆ. ಉಪ್ಪು ಬೆರೆಸಿದ್ದು, ಮಾರನೆಯ ದಿನ ಖಾರ ಕಲಸಿದ್ದು, ಬಾಟಲಿಗೆ ತುಂಬಿದ್ದು ಎಲ್ಲವೂ ಮುಕ್ತಾ, ಅವಳು ಹೊರಗಾದ ಆ ಮೊದಲ ದಿನಗಳಲ್ಲೇ. ಅತ್ತೆ ಮೆಚ್ಚಿದ ಆ ಬಲು ಮಡಿಯ ಹೆಂಗಸು ಅವರ ಮೊಮ್ಮಗಳು. ಅದೇ ಉಪ್ಪಿನಕಾಯಿಯ ಇನ್ನೊಂದು ಬಾಟಲಿಯನ್ನು ಈ ಕಾಗದದ ಜೊತೆ ಲೀಲಾಧರನ ಕೈಯಲ್ಲಿ ಕಳಿಸಿದ್ದೇನೆ. ಒಣಗಿದ ಚಮಚ ಹಾಕಿ.