ನಾಲಾ ದಾಟಿಸುವ ಕೋಲು

ಸೆಪ್ಟೆಂಬರ್ 14, ರವಿವಾರ

ಮತ್ತೆ ನಾಲಾ. ನಾಲ್ಕನೇ ಹೋಲ್, ಎರಡನೇ ಹೊಡೆತ, ಚೆಂಡು ನೀರಿಗೆ. ಈ ತಿಂಗಳು ಒಂದೂ ದಾಟಿಲ್ಲ. ಅಕ್ಕಲಕೋಟ ರಸ್ತೆಯ ನಮ್ಮ ಗಾಲ್ಫ್ ಮೈದಾನದಲ್ಲಿ ಹುಲ್ಲಿಗಿಂತ ಕುರಿ ಜಾಸ್ತಿ. ಅವೂ ಮೇಯೋದು ಬಿಟ್ಟು ನೋಡಿದವು. ಕುರಿ ನಗುವುದಿಲ್ಲ ಅಂತ ಯಾರು ಹೇಳಿದರೋ.

ಯೋಗಿರಾಜ — ಚಾದರ ವ್ಯಾಪಾರಿ, ಮೂವತ್ತು ವರ್ಷದಿಂದ ನನ್ನ ಜೋಡಿ — ಅಂದ: "ಲೇ ಕಲ್ಲ್ಯಾ, ನೀ ಕೋಲು ಎತ್ತು. ಅದು ಕೆಳಗ ಬರೂದ್ರಾಗ ನಾ ಚಹಾ ಕುಡದ ಬರ್ತೀನಿ."

ಕ್ಲಬ್ಬಿನ ಪದ್ಧತಿ ಒಂದಿದೆ. ದಾಟಿಸಲಾಗದ ಹಿರಿಯರು ಚೆಂಡನ್ನು ಕೈಯಲ್ಲಿ ಹಿಡಿದು, ನಾಲಾದ ಸಣ್ಣ ಸೇತುವೆ ಮೇಲೆ ನಡೆದು, ಆಚೆ ಇಟ್ಟು ಆಡಬಹುದು. ದಂಡ ಇಲ್ಲ. ಯಾರೂ ಏನೂ ಅನ್ನುವುದಿಲ್ಲ. ಅದೇ ಕೆಟ್ಟದ್ದು. ನಾಗಣ್ಣ ಸಾಹೇಬರು ಒಂದು ಚಳಿಗಾಲ ಹಾಗೆ ಒಯ್ದರು. ಆಮೇಲೆ ಬರುವುದನ್ನೇ ಬಿಟ್ಟರು. ಕೇಳಿದರೆ, ಮೊಣಕಾಲು ಅಂದರು.

ನಾನು ಒಯ್ಯುವುದಿಲ್ಲ.

ಸೆಪ್ಟೆಂಬರ್ 16, ಸಂಜೆ

ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು. ಎಡಗೈ ಪಾಸು. ಬಲಗೈ ನಡುವೆ ನಿದ್ದೆ ಹೋಯಿತು. "ಈ ಕೈ ಇನ್ನೂ ನಿಧಾನ ಆಗ್ತದರಿ, ಅಕ್ಷರಾನೂ ಸಣ್ಣ ಆಗ್ತಾವ. ಗುಳಿಗಿ ತಡೀತಾವ. ಹಿಂದಕ್ಕ ತಿರಗಸೂದಿಲ್ಲ."

ಸೋಲಾಪುರದ ಸಿಟಿ ಬಸ್ಸಿನ ನಿಧಾನದ ಮೇಲೆ ಅಂಕಣ ಬರೆದು ಊರನ್ನೆಲ್ಲ ನಗಿಸಿದವನು ನಾನು. ಬಸ್ಸು ಸೇಡು ತೀರಿಸಿಕೊಂಡಿದೆ.

ಹೆಂಡತಿ ಛಾಯಾಳಿಗೆ "ಬಿ.ಪಿ. ಛಲೋ ಐತಂತ" ಅಂದೆ. ಅವಳ ಸಾಲಿಯೆಲ್ಲ ಮರಾಠಿಯಲ್ಲಿ ಆಯಿತು. ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ಖರೆ ಬರೆಯಬಹುದು.

ಸೆಪ್ಟೆಂಬರ್ 18

ಕೈ ರಿಪೇರಿ ಇಲ್ಲ. ಕೋಲು ಬದಲಿಸುವುದು. ಪುಣೆಯ ಗಾಲ್ಫ್ ಅಂಗಡಿಗೆ ಫೋನು. ಎತ್ತಿದವ ಸ್ವಪ್ನಿಲ, ಮೂಲ ನಮ್ಮ ಕಡೆಯ ಭಂಡಾರಕವಠೆ. ಹೊಡೆಯುವ ವಿಡಿಯೋ ಕಳಿಸಿ ಅಂದ. ಕಳಿಸಿದೆ. ಎರಡು ಸಲ ನೋಡಿ ಫೋನು ಮಾಡಿದ.

"ಕಾಕಾ, ಇದು ಸ್ಲೋ ಮೋಷನ್ ಮಾಡಿ ಕಳಿಸೀರೇನ್ರಿ?"

"ಇಲ್ಲಪ್ಪ. ಅಸಲ್ ಐತಿ."

ಆಮೇಲೆ ಪ್ರವಚನ. ನೆಲದ ಮೇಲಿನ ಚೆಂಡನ್ನು ದೂರ ಅಟ್ಟುವ ಕೋಲಿಗೆ ಫೇರ್‌ವೇ ವುಡ್ ಅಂತ ಹೆಸರು. ನನ್ನದು ಮೂರನೇ ನಂಬರು. "ಅದನ್ನ ಬಿಡ್ರಿ. ಅದರ ಚೆಂಡಿಗೆ ಬಡಿಯೂ ಮಾರಿ ನೆಟ್ಟಗ ಇರ್ತದ, ಜೋರ್ ಇದ್ದವ್ರಿಗೆ ಮಾತ್ರ ಚೆಂಡು ಏಳ್ತದ. ಏಳನೇ ನಂಬರ್ ತಗೋರಿ, ಮಾರಿ ಮ್ಯಾಲ ನೋಡ್ತದ, ತಾನ ಎಬ್ಬಸ್ತದ. ದಂಡಿ ಹಗರ, ಮೆತ್ತಗ ಇರ್ಲಿ."

ಮೆತ್ತಗಿನ ದಂಡಿಯಲ್ಲಿ, ಅಂದರೆ ಕೋಲಿನ ಉದ್ದ ಕಡ್ಡಿಯಲ್ಲಿ, ಎರಡು ಜಾತಿ. ಸೀನಿಯರ್. ಅದಕ್ಕಿಂತ ಹಗುರ ಬೇಕೆಂದರೆ — ಲೇಡೀಸ್. ದೇವರ ಮುಂದೆ ಹೂ ಇಟ್ಟು ಕೇಳಬೇಕಾದ ಪ್ರಶ್ನೆ. ಕೇಳಲಿಲ್ಲ. ಲೇಡೀಸ್ ಅಂದೆ, ಮೆಲ್ಲಗೆ.

ಸೆಪ್ಟೆಂಬರ್ 30

ಬಂತು. ದಂಡಿಯ ಮೇಲೆ ನೇರಳೆ ಬಣ್ಣದ ಹೂವಿನ ಬಳ್ಳಿ. ಯಾರಿಗೂ ಕಾಣದಿರಲೆಂದು ಕರೀ ಟೇಪು ಸುತ್ತಿಬಿಟ್ಟೆ.

ಛಾಯಾ ಕೈಯಲ್ಲಿ ತೂಗಿ ನೋಡಿದಳು. "ಅಹೋ, ಮೋಸ ಹೋದ್ರಿ. ಒಳಗ ಪೊಕಳ, ಪೂರಾ ಟೊಳ್ಳ ಐತಿ. ನನ್ನ ಚಪಾತಿ ಲಟ್ಟಸೂ ಲಾಟಣಾ ಇದಕ್ಕಿಂತ ವಜ್ಜ ಐತಿ. ವುಡ್ ಅಂತೀರಿ, ಕಟ್ಟಿಗಿ ಎಲ್ಲೈತಿ?"

ಮಾಳಿಗೆ ಮೇಲೆ ಹೋಗಿ ಬೀಸಿದೆ. ಗಾಳಿಯಲ್ಲಿ ಸುಯ್ ಅಂತು. ಬಹಳ ದಿನವಾಗಿತ್ತು ಆ ಸಪ್ಪಳ ಕೇಳಿ. ಮತ್ತೆ ಬೀಸಿದೆ... ಮತ್ತೆ. ಪಕ್ಕದ ಮನೆ ಪಾರಿವಾಳ ಎಲ್ಲ ಎದ್ದು ಹೋದವು.

ಅಕ್ಟೋಬರ್ 1, ಖಂಡೇನವಮಿ, ಆಯುಧಪೂಜೆ

ಕುಡಗೋಲು, ಈಳಿಗೆ, ಮಿಕ್ಸರು, ಸ್ಕೂಟರಿನ ಚಾವಿ. ನಡುವೆ ಮಹಾರಾಜನ ಹಾಗೆ ನನ್ನ ಕೋಲು, ಅರಿಶಿನ-ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು. ಪೂಜೆಗೆ ಇಟ್ಟದ್ದನ್ನು ನಾಳೆತನಕ ಮುಟ್ಟುವಂತಿಲ್ಲ. ಪೆನ್ನೂ ಅಲ್ಲೇ ಇದೆ. ಇದು ಪೆನ್ಸಿಲ್.

ಅಕ್ಟೋಬರ್ 5, ರವಿವಾರ

ನಾಲ್ಕನೇ ಹೋಲ್. ಉಸಿರು ಹಿಡಿದು, ಇದ್ದಬದ್ದ ಜೋರೆಲ್ಲ ಹಾಕಿ ಬೀಸಿದೆ. ನಾಲಾ ದಾಟಿತು!

ಕೋಲು. ಚೆಂಡು ಇದ್ದಲ್ಲೇ ಇತ್ತು; ಕೋಲು ಎಡಗಡೆ, ನಾಲಾ ನಮ್ಮ ಹತ್ತಿರಕ್ಕೆ ಬಾಗುವಲ್ಲಿ ಹಾರಿತ್ತು.

ಯೋಗಿರಾಜ ನೆಲಕ್ಕೆ ಬಿದ್ದು ನಕ್ಕ. "ಲೇ, ಚೆಂಡು ದಾಟಸಬೇಕಲೇ! ಕುರಿ ಕಾಯಾವಗ ಕೋಲು ಒಗದು ಕೊಟ್ಟಿಯಲ್ಲೋ!" ನಾನೂ ನಕ್ಕೆ, ಹೊಟ್ಟೆ ನೋಯುವಷ್ಟು.

ಮನೆಯಲ್ಲಿ ವಿಚಾರಣೆ. ಛಾಯಾ ಒಪ್ಪಿಕೊಂಡಳು: "ಹಿಡಿ ಒಣಗಿದಂಗ ಕಂಡ್ತು. ಕುಡಗೋಲಿಗೆ ತಿಕ್ಕೂ ಮುಂದ ಅದಕ್ಕೂ ಕುಸಬಿ ಎಣ್ಣಿ ತಿಕ್ಕಿದೆ. ತವರಮನಿ ನಾಗಣಸೂರದಾಗ ನಮ್ಮಪ್ಪ ಹಂಗ ಮಾಡ್ತಿದ್ದ." ನಾಲ್ಕು ದಿನದಲ್ಲಿ ಹಿಡಿಯ ರಬ್ಬರು ಎಣ್ಣೆ ಕುಡಿದು ಕೂತಿದೆ.

ಬೈಯಲಿಲ್ಲ. ತಪ್ಪು ಎಣ್ಣೆಯದು, ಕೈಯದಲ್ಲ. ಈಚೆಗೆ ಇಷ್ಟು ಒಳ್ಳೆಯ ಸುದ್ದಿ ಬಂದದ್ದಿಲ್ಲ.

ಅಕ್ಟೋಬರ್ 12, ರವಿವಾರ

ಹೊಸ ಹಿಡಿ. ಒಣ ಕೈ. ಗಾಳಿ ಇಲ್ಲ. ಕೋಲಿನ ನಟ್ಟನಡುವೆ ಬಡಿದ ಸಪ್ಪಳ. ಯೋಗಿರಾಜ "ವಾಹ್" ಅಂದ, ಅದೂ ಚೇಷ್ಟೆ ಇಲ್ಲದೆ. ಚೆಂಡು ಎದ್ದಿತು, ಚೆಂದ ಎದ್ದಿತು. ಇಳಿಯಿತು, ನೀರಿಗೆ.

ಇನ್ನೊಂದು ಹೊಡೆದೆ. ಅದೂ ಚೆಂದ. ಅದೂ ನೀರಿಗೆ.

ಸ್ವಪ್ನಿಲನಿಗೆ ಫೋನು. "ಇದಕ್ಕಿಂತ ಹಗರ ಇಲ್ರಿ ಕಾಕಾ."

ಇವತ್ತು ಎಣ್ಣೆ ಇರಲಿಲ್ಲ.

ಅಕ್ಟೋಬರ್ 26

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಯೋಗಿರಾಜನ ಚೆಂಡೂ ನಾಲಾಕ್ಕೆ ಬಿತ್ತು. ಬೇಕಂತ ಹೊಡೆದ. ನಾಟಕದಲ್ಲಿ ಕಂಬದ ಪಾತ್ರ ಕೊಟ್ಟರೂ ಅಲ್ಲಾಡುವ ನಟ ಅವನು. "ಗಾಳಿ ಭಾಳ ಐತಿ ಇವತ್ತ" ಅಂದ. ಜಾಲಿಯ ಒಂದು ಎಲೆಯೂ ಅಲುಗಿರಲಿಲ್ಲ. ಕಿಸೆಯಿಂದ ಬೇರೆ ಚೆಂಡು ತೆಗೆದು ಸೇತುವೆ ಕಡೆ ಹೊರಟ. ತಿರುಗಿ ನೋಡದೆಯೇ ಅಂದ: "ಬಾರಲೇ. ಕೈಲೆ ಒಯ್ಯೂಣು. ಇಬ್ರೂ."

ಅವನು ಬೈದಿದ್ದರೆ ಒಯ್ಯುತ್ತಿದ್ದೆನೇನೋ.

"ಮೊಣಕಾಲು ನೋಯಾಕತ್ತೈತಿ" ಅಂದು ಮನೆಗೆ ಬಂದೆ. ದಾರಿಯಲ್ಲಿ ಹೊಳೆಯಿತು — ಇದು ನಾಗಣ್ಣ ಸಾಹೇಬರ ಮೊಣಕಾಲು.

ನವೆಂಬರ್ 16, ರವಿವಾರ. ಬೆಳಿಗ್ಗೆ 6

ಮೂರು ರವಿವಾರ ಮೊಣಕಾಲು. ಇವತ್ತೂ ಮೊಣಕಾಲು ಅಂತ ಬರೆಯಲು ಕೂತೆ. ಛಾಯಾ ಹಿಂದೆ ಬಂದು ನಿಂತಳು.

"ಅಹೋ, ನನಗ ಓದಾಕ ಬರೂದಿಲ್ಲ ಖರೆ. ಆದ್ರ ಮೊದಲ ನಿಮ್ಮ ಅಕ್ಷರ ಹುಣಸಿ ಬೀಜದಷ್ಟು ಇರ್ತಿದ್ದು. ಈಗ ರಾಜಗಿರಿ ಕಾಳಾಗ್ಯಾವ."

"ಕಾಗದ ಉಳಸಾಕತ್ತೀನಿ."

ನಗಲಿಲ್ಲ. ಮೂವತ್ತು ವರ್ಷ ಊರು ನಕ್ಕಿತು, ಇವಳೊಬ್ಬಳು ಸರಿಯಾದ ಹೊತ್ತಿಗೆ ನಗುವುದಿಲ್ಲ.

ಹೊರಗೆ ಯೋಗಿರಾಜನ ಹಾರ್ನ್. ಕೋಲು ತಂದು ಗೋಡೆಗೆ ಆನಿಸಿದಳು. ಕರೀ ಟೇಪು ಕಿತ್ತುಹೋಗಿದೆ, ಬಳ್ಳಿ ಕಾಣುತ್ತದೆ. ಆಮೇಲೆ ನನ್ನ ಎಡಗೈ ಬಿಡಿಸಿ ಒಂದು ಚೆಂಡು ಇಟ್ಟಳು. "ಕೈಲೆ ಒಯ್ಯೂದು ಇರ್ತದಂತಲ್ಲ. ಯೋಗಿರಾಜ ಭಾವುಜಿ ಹೇಳ್ಯಾರ."

ಅಂದರೆ ಅವನಿಗೂ ಗೊತ್ತು. ಇವಳಿಗೂ. ಇಷ್ಟು ದಿನ ಯಾರಿಂದ ಮುಚ್ಚಿಡುತ್ತಿದ್ದೆ?

ಮತ್ತೆ ಹಾರ್ನ್. ಚೆಂಡು ಇನ್ನೂ ಎಡಗೈಯಲ್ಲೇ ಇದೆ. ಯಾವ ಕೋಲೂ ಇಷ್ಟು ವಜ್ಜ ಇರಲಿಲ್ಲ. ಛಾಯಾ ಬಾಗಿಲು ತೆಗೆದು ನಿಂತಿದ್ದಾಳೆ. ನಾನು ಹೊರಟೆ.